ಶೋ ಮುಗಿದ ಮೇಲೆ ಬಾಗಿಲು ಎಲ್ಲಿಗೆ ತೆರೆಯುತ್ತೆ?

🎰 ಭಾಗ 1/8: ಶೋರೂಮ್ ಅಂದ್ರೆ ಬೈಕ್ ಅಂಗಡಿ ಅಲ್ಲ

ಗೆಳೆಯರೇ, ಲಾಸ್ ವೇಗಸ್ ಅಂದ ತಕ್ಷಣ ನಿಮ್ಮ ತಲೆಗೆ ಏನು ಬರುತ್ತೆ? ಬಣ್ಣದ ದೀಪ, ತಿರುಗೋ ರೂಲೆಟ್ ಚಕ್ರ, ಬಿಳಿ ಬಟ್ಟೆಯ ಎಲ್ವಿಸ್. ಈಗೀಗ ಎಲ್ಲರ ಫೀಡಲ್ಲೂ ಉರುಳಾಡ್ತಿರೋ ಆ ದೊಡ್ಡ ದೀಪದ ಗೋಳ, ಸ್ಫಿಯರ್. ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಜೂಜಿನ ಮೇಜಿನ ಕಥೆ ಅಲ್ಲ. ಆ ಮೇಜಿನ ಪಕ್ಕದಲ್ಲೇ ಇದ್ದ ಇನ್ನೊಂದು ಕೋಣೆಯ ಕಥೆ. ಅದನ್ನ ಅಲ್ಲಿ ಶೋರೂಮ್ ಅಂತಾರೆ.

ನಮ್ಮ ಕಡೆ ಶೋರೂಮ್ ಅಂದ್ರೆ ಬೈಕು, ಕಾರು, ಸೀರೆ. ವೇಗಸ್‌ನಲ್ಲಿ ಶೋರೂಮ್ ಅಂದ್ರೆ ಕ್ಯಾಸಿನೊ ಹೋಟೆಲಿನೊಳಗಿನ ರಂಗಮಂದಿರ. ಮುಂದೆ ವೇದಿಕೆ, ಅದರ ಕೆಳಗೆ ಉದ್ದುದ್ದ ಊಟದ ಮೇಜು, ಹಿಂದೆ ಮೆತ್ತನೆ ಸೋಫಾ ಹಾಕಿದ ಬೂತ್‌ಗಳು. ನೀವು ಊಟ ಮಾಡ್ತಾ ಇರ್ತೀರಿ, ಹತ್ತು ಅಡಿ ದೂರದಲ್ಲಿ ಫ್ರ್ಯಾಂಕ್ ಸಿನಾತ್ರ ಹಾಡ್ತಾ ಇರ್ತಾನೆ. ಬಿಲ್ ನೋಡಿದ್ರೆ ಒಂದು ಒಳ್ಳೆ ಊಟದ ದುಡ್ಡು, ಅಷ್ಟೇ.

ಇದನ್ನ ಕೇಳಿದವರು ಬಹಳಷ್ಟು ಜನ "ಆಹಾ, ಅದು ಸುವರ್ಣಯುಗ ಕಣೋ, ಈಗೆಲ್ಲ ಬರೀ ದುಡ್ಡು" ಅಂತಾರೆ. ನಾನು ಅದನ್ನ ಒಪ್ಪಲ್ಲ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ: ಆ ಅಗ್ಗದ ಟಿಕೆಟ್ಟಿನ ಬೆಲೆಯನ್ನ ಯಾರೋ ಕಟ್ಟಿದ್ದಾರೆ. ಯಾರು ಅಂತ ಕೇಳದೆ ಅದನ್ನ ಸುವರ್ಣಯುಗ ಅನ್ನೋದು ತಪ್ಪು. ಈ ಪ್ರಶ್ನೆ ವೇಗಸ್‌ಗಷ್ಟೇ ಅಲ್ಲ, ನಿಮ್ಮ ಕೈಯಲ್ಲಿರೋ ಫೋನಿಗೂ ಸಂಬಂಧಪಟ್ಟದ್ದು. ಕೊನೇ ಭಾಗದವರೆಗೂ ಬನ್ನಿ.

👉 ಮುಂದಿನ ಭಾಗ

🎰 ಭಾಗ 2/8: ಮರುಭೂಮಿಗೆ ಜನ ಯಾಕೆ ಬರಬೇಕು?

ನೆವಾಡ ರಾಜ್ಯ ಜೂಜನ್ನ ಕಾನೂನುಬದ್ಧ ಮಾಡಿದ್ದು 1931ರಲ್ಲಿ. ಮಹಾ ಆರ್ಥಿಕ ಕುಸಿತದ ಕಾಲ, ಖಜಾನೆ ಖಾಲಿ. ಹತ್ತಿರದಲ್ಲೇ ಹೂವರ್ ಅಣೆಕಟ್ಟಿನ ಕೆಲಸವೂ ಅದೇ ವರ್ಷ ಶುರುವಾಯ್ತು. ಆದ್ರೆ ಲಾಸ್ ವೇಗಸ್ ಆಗ ಒಂದು ಸಣ್ಣ ರೈಲ್ವೆ ಊರು. ಸುತ್ತ ಮರಳು, ಮೇಲೆ ಸುಡೋ ಬಿಸಿಲು.

1941ರ ಏಪ್ರಿಲ್‌ನಲ್ಲಿ ಥಾಮಸ್ ಹಲ್ ಅನ್ನೋ ಹೋಟೆಲ್ ಉದ್ಯಮಿ ಊರಿನಾಚೆ, ಲಾಸ್ ಏಂಜಲೀಸ್ ಹೆದ್ದಾರಿ ಪಕ್ಕ ಎಲ್ ರಾಂಚೊ ವೇಗಸ್ ತೆರೆದ. ಇವತ್ತು ನಾವು ಸ್ಟ್ರಿಪ್ ಅನ್ನೋ ರಸ್ತೆಯ ಮೊದಲ ರೆಸಾರ್ಟ್ ಇದೇ. ಈಜುಕೊಳ, ರೂಮು, ಊಟ, ಜೂಜು, ಜೊತೆಗೆ ಊಟ ಮಾಡ್ತಾ ನೋಡೋಕೆ ಒಂದು ಶೋ. ಎಲ್ಲ ಒಂದೇ ಕಾಂಪೌಂಡಿನೊಳಗೆ. ಮರುವರ್ಷವೇ ಲಾಸ್ಟ್ ಫ್ರಾಂಟಿಯರ್ ಬಂತು. 1946ರ ಡಿಸೆಂಬರ್ 26ರಂದು ಬಗ್ಸಿ ಸೀಗಲ್ ಅನ್ನೋ ಗ್ಯಾಂಗ್‌ಸ್ಟರ್ ಫ್ಲಮಿಂಗೊ ತೆರೆದಾಗ ಉದ್ಘಾಟನೆಗೆ ಕರೆಸಿದ್ದು ಜಿಮ್ಮಿ ಡ್ಯುರಾಂಟೆ ಅನ್ನೋ ಹಾಸ್ಯನಟನನ್ನ. ಆರು ತಿಂಗಳು ಕಳೆಯೋದರೊಳಗೆ ಸೀಗಲ್‌ನ ಗುಂಡಿಟ್ಟು ಕೊಂದರು. ಹೋಟೆಲು ಮಾತ್ರ ನಡೀತಾನೇ ಇತ್ತು.

ಇಲ್ಲಿ ಒಂದು ಲೆಕ್ಕ ಅರ್ಥ ಮಾಡ್ಕೊಳ್ಳಿ. ರೂಲೆಟ್ ಚಕ್ರ ಎಲ್ಲ ಹೋಟೆಲಲ್ಲೂ ಒಂದೇ ಥರ. ಇಸ್ಪೀಟು ಎಲ್ಲ ಕಡೆಯೂ 52 ಎಲೆಯೇ. ಹಾಗಾದ್ರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗದೆ ನಿಮ್ಮ ಹೋಟೆಲಿಗೇ ಯಾಕೆ ಬರಬೇಕು? ಹೊರಗಿನ ಬೋರ್ಡಿನ ಮೇಲಿರೋ ಹೆಸರು ನೋಡಿ. ಹೆಸರು ದೊಡ್ಡದಾದಷ್ಟೂ ಪಾರ್ಕಿಂಗ್ ಭರ್ತಿ. ಅದಕ್ಕೇ ಕಲಾವಿದರ ಸಂಭಾವನೆ ಏರುತ್ತಾ ಹೋಯ್ತು. 1955ರಲ್ಲಿ ರಿವಿಯೆರ ಹೋಟೆಲ್ ತೆರೆದಾಗ ಪಿಯಾನೊ ವಾದಕ ಲಿಬರಾಚಿಗೆ ವಾರಕ್ಕೆ 50,000 ಡಾಲರ್ ಕೊಟ್ಟಿತು. ಎಪ್ಪತ್ತು ವರ್ಷದ ಹಿಂದಿನ 50,000 ಡಾಲರ್!

ಊಟದ ಬಿಲ್ಲಲ್ಲಿ ಆ ದುಡ್ಡು ಹುಟ್ಟುತ್ತಾ? ಹುಟ್ಟಲ್ಲ. ಹುಟ್ಟಬೇಕು ಅಂತ ಯಾರೂ ಲೆಕ್ಕ ಹಾಕಿರಲೂ ಇಲ್ಲ.

👉 ಮುಂದಿನ ಭಾಗ

🎰 ಭಾಗ 3/8: ಬಾಗಿಲಿನ ಲೆಕ್ಕಾಚಾರ

ಶೋರೂಮ್ ಬೇಕಂತಲೇ ನಷ್ಟಕ್ಕೆ ನಡೆಸ್ತಿದ್ದ ವಿಭಾಗ. ಗಾಳಕ್ಕೆ ಸಿಕ್ಕಿಸೋ ಎರೆಗೆ ಯಾರೂ ಲಾಭ ಕೇಳಲ್ಲ, ಮೀನು ಬಿತ್ತಾ ಅಂತ ಮಾತ್ರ ಕೇಳ್ತಾರೆ.

ಆ ಗಾಳವನ್ನ ಎಷ್ಟು ಜಾಣತನದಿಂದ ಮಾಡಿದ್ರು ನೋಡಿ.

▪️ ಜಾಗ: ಶೋರೂಮಿಗೆ ಹೋಗಬೇಕಾದ್ರೂ, ಅಲ್ಲಿಂದ ಹೊರಗೆ ಬರಬೇಕಾದ್ರೂ ಜೂಜಿನ ಹಾಲ್ ದಾಟಲೇಬೇಕು. ಸೀದಾ ರಸ್ತೆಗೆ ಬಾಗಿಲಿಲ್ಲ.

▪️ ಸಮಯ: ರಾತ್ರಿಗೆ ಎರಡು ಶೋ. ಒಂದು ಊಟದ ಹೊತ್ತಿಗೆ, ಇನ್ನೊಂದು ನಡುರಾತ್ರಿ ಹೊತ್ತಿಗೆ. ಶೋ ಸುಮಾರು ಒಂದೂವರೆ ಗಂಟೆ, ಅದಕ್ಕಿಂತ ತೀರಾ ಉದ್ದ ಇರಬಾರದು. ಗಿರಾಕಿ ಕುರ್ಚಿಯಲ್ಲಿ ಕೂತಿರೋ ಪ್ರತಿ ನಿಮಿಷವೂ ಮೇಜಿನಿಂದ ದೂರ ಇರೋ ನಿಮಿಷ ಅಲ್ವಾ?

▪️ ಸೀಟು: ನಂಬರ್ ಇಲ್ಲ. ಬಾಗಿಲಲ್ಲಿ ಸೂಟು ಹಾಕಿ ನಿಂತಿರೋ ಮೇಟ್ರ್ ಡಿ ಕೈ ಬೆಚ್ಚಗೆ ಮಾಡಿದ್ರೆ ಮುಂದಿನ ಬೂತ್, ಇಲ್ಲಾಂದ್ರೆ ಕಂಬದ ಹಿಂದೆ. ಜೂಜಲ್ಲಿ ದೊಡ್ಡ ಮೊತ್ತ ಆಡೋರಿಗೆ ಮಾತ್ರ ಎಲ್ಲಾ ಪುಕ್ಕಟೆ, ಅದೂ ಮೊದಲ ಸಾಲಲ್ಲಿ.

▪️ ಲೌಂಜ್: ಶೋರೂಮಿನ ತಮ್ಮ ಇದ್ದ ಹಾಗೆ. ಜೂಜಿನ ಹಾಲಿನ ಮಗ್ಗುಲಲ್ಲೇ ಚಿಕ್ಕ ವೇದಿಕೆ, ಬೆಳಗಿನ ಜಾವದವರೆಗೂ ಸಂಗೀತ. 1954ರಿಂದ ಸಹಾರ ಹೋಟೆಲಿನ ಲೌಂಜಲ್ಲಿ ಲೂಯಿ ಪ್ರೀಮಾ, ಕೀಲಿ ಸ್ಮಿತ್ ಜೋಡಿ ಹಾಡಿ ಕುಣಿಸಿದ್ದು ಇವತ್ತಿಗೂ ದಂತಕಥೆ. ಸೋತು ಸುಣ್ಣವಾದವನು ಮನೆಗೆ ಹೋಗದೆ ಇನ್ನೊಂದು ಗಂಟೆ ಅಲ್ಲೇ ಕೂರಲಿ ಅನ್ನೋದು ಅದರ ಉದ್ದೇಶ.

ಕಲಾವಿದರೂ ಇದೇ ಗಾಳಕ್ಕೆ ಸಿಕ್ಕವರೇ. ವೇದಿಕೆ ಮೇಲೆ ಗಳಿಸಿದ್ದನ್ನ ಇಳಿದು ಬಂದು ಮೇಜಿನ ಮೇಲೆ ಕಳೆದವರು ಎಷ್ಟೋ ಜನ. ಸ್ವತಃ ಸಿನಾತ್ರ ಸ್ಯಾಂಡ್ಸ್ ಹೋಟೆಲಲ್ಲಿ ಸಾಲದ ಚಿಪ್ ತಗೊಂಡು ಆಡ್ತಿದ್ದ. 1967ರಲ್ಲಿ ಹೊಸ ಮಾಲೀಕ ಹೊವಾರ್ಡ್ ಹ್ಯೂಸ್ ಕಡೆಯವರು ಆ ಸಾಲ ನಿಲ್ಲಿಸಿದಾಗ ಜಗಳ ಆಯ್ತು. ಕ್ಯಾಸಿನೊ ಮ್ಯಾನೇಜರ್ ಕಾರ್ಲ್ ಕೋಹೆನ್ ಕೊಟ್ಟ ಏಟಿಗೆ ಸಿನಾತ್ರನ ಮುಂದಿನ ಹಲ್ಲಿನ ಕ್ಯಾಪ್ ಉದುರಿಹೋಯ್ತು. ಆಮೇಲೆ ಅವನು ಸೀಸರ್ಸ್ ಪ್ಯಾಲೇಸ್‌ಗೆ ಹೋದ. ಆ ಊರಿನ ಅತಿದೊಡ್ಡ ತಾರೆಯ ಬೆಲೆಯೂ ಕೊನೆಗೆ ಕ್ಯಾಸಿನೊ ಲೆಕ್ಕದ ಪುಸ್ತಕದಲ್ಲಿತ್ತು.

👉 ಮುಂದಿನ ಭಾಗ ದಯವಿಟ್ಟು ಬಿಡಬೇಡಿ

🎰 ಭಾಗ 4/8: ವೇದಿಕೆಗೆ ಹೌದು, ರೂಮಿಗೆ ಇಲ್ಲ

"ಸುವರ್ಣಯುಗ" ಅನ್ನೋ ಮಾತು ನನಗೆ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ.

1940ರ ದಶಕ, 1950ರ ದಶಕದ ಮೊದಲ ವರ್ಷಗಳು. ಸ್ಯಾಮಿ ಡೇವಿಸ್ ಜೂನಿಯರ್, ನ್ಯಾಟ್ ಕಿಂಗ್ ಕೋಲ್ ಅಂಥ ಕಪ್ಪು ಕಲಾವಿದರು ಸ್ಟ್ರಿಪ್‌ನ ಶೋರೂಮಲ್ಲಿ ಹಾಡ್ತಾರೆ, ಕುಣೀತಾರೆ. ಬಿಳಿ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ತಾರೆ. ಪರದೆ ಬಿದ್ದ ಮೇಲೆ? ಅದೇ ಹೋಟೆಲಲ್ಲಿ ಅವರಿಗೆ ರೂಮಿಲ್ಲ. ಊಟದ ಹಾಲಿಗೆ ಪ್ರವೇಶ ಇಲ್ಲ. ಜೂಜಿನ ಮೇಜಿಗೂ ಇಲ್ಲ. ಹಿಂದಿನ ಬಾಗಿಲಿಂದ ಹೊರಟು, ರೈಲು ಹಳಿಯ ಆಚೆ ವೆಸ್ಟ್‌ಸೈಡ್ ಅನ್ನೋ ಕಪ್ಪು ಜನರ ಬಡಾವಣೆಯ ಬಾಡಿಗೆ ಮನೆಗಳಲ್ಲಿ ಮಲಗಬೇಕು. ಆ ಊರಿಗೆ "ಪಶ್ಚಿಮದ ಮಿಸಿಸಿಪ್ಪಿ" ಅನ್ನೋ ಅಡ್ಡಹೆಸರು ಸುಮ್ಮನೆ ಬರಲಿಲ್ಲ.

ಒಂದೂರು, ಒಂದು ಕೆಲಸ, ಎರಡು ಬಾಗಿಲು. ಪ್ರತಿಭೆ ಬೇಕು, ಮನುಷ್ಯ ಬೇಡ. ಇದು ನಮಗೆ ಗೊತ್ತಿಲ್ಲದ ಸಂಗತಿ ಅಂತ ನಟಿಸೋದು ಬೇಡ. ಹಬ್ಬದಲ್ಲಿ ಡೋಲು ಬಾರಿಸೋಕೆ ಕರೆದು, ಊಟಕ್ಕೆ ಬೇರೆ ಪಂಕ್ತಿ ಹಾಕೋದನ್ನ ಕಂಡಿರೋ, ಕೇಳಿರೋ ದೇಶ ನಮ್ಮದು.

1955ರ ಮೇ 24ರಂದು ವೆಸ್ಟ್‌ಸೈಡ್ ಹತ್ತಿರ ಮೂಲಾ ರೂಜ್ ಹೋಟೆಲ್ ತೆರೀತು. ವೇಗಸ್‌ನಲ್ಲಿ ಕಪ್ಪು, ಬಿಳಿ ಅನ್ನದೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಮೊದಲ ಕ್ಯಾಸಿನೊ ಹೋಟೆಲ್. ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿ ಬಾಗಿಲಲ್ಲಿ ನಿಂತು ಸ್ವಾಗತ ಮಾಡ್ತಿದ್ದ. ಜೂನ್‌ನಲ್ಲಿ ಅಲ್ಲಿನ ನೃತ್ಯಗಾರ್ತಿಯರ ಚಿತ್ರ ಲೈಫ್ ಪತ್ರಿಕೆಯ ಮುಖಪುಟಕ್ಕೆ ಬಂತು. ಸ್ಟ್ರಿಪ್‌ನ ದೊಡ್ಡ ತಾರೆಗಳು ತಮ್ಮ ಶೋ ಮುಗಿಸಿ ನಡುರಾತ್ರಿ ಮೇಲೆ ಇಲ್ಲಿಗೆ ಬಂದು ಕೂರೋರು. ಅದೇ ನವೆಂಬರ್‌ನಲ್ಲಿ ಹಣದ ತೊಂದರೆಗೆ ಸಿಕ್ಕಿ ಮುಚ್ಚಿಹೋಯ್ತು.

1960ರ ಜನವರಿ, ಫೆಬ್ರವರಿ: ಸ್ಯಾಂಡ್ಸ್ ಹೋಟೆಲಿನ ಕೋಪಾ ರೂಮಲ್ಲಿ ಸಿನಾತ್ರ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಬಳಗ ಹಗಲು ಸಿನಿಮಾ ಶೂಟಿಂಗ್, ರಾತ್ರಿ ಶೋ ಅಂತ ಊರನ್ನೇ ಹುಚ್ಚೆಬ್ಬಿಸ್ತು. ಆ ಫೋಟೊ ನೀವೆಲ್ಲ ನೋಡಿರ್ತೀರಿ. ಆದ್ರೆ ಅದೇ ಹೊತ್ತಲ್ಲಿ ಸ್ಟ್ರಿಪ್‌ನಲ್ಲಿ ಒಬ್ಬ ಸಾಮಾನ್ಯ ಕಪ್ಪು ಗಿರಾಕಿಗೆ ಬಾಗಿಲು ಮುಚ್ಚೇ ಇತ್ತು. ಮಾರ್ಚ್‌ನಲ್ಲಿ ಎನ್‌ಎಎಸಿಪಿ ಸ್ಥಳೀಯ ಅಧ್ಯಕ್ಷ, ದಂತವೈದ್ಯ ಡಾ. ಜೇಮ್ಸ್ ಮೆಕ್‌ಮಿಲನ್ "ಸ್ಟ್ರಿಪ್ ಮೇಲೆ ಮೆರವಣಿಗೆ ಮಾಡ್ತೀವಿ" ಅಂತ ಎಚ್ಚರಿಕೆ ಕೊಟ್ಟರು. ಟಿವಿಯಲ್ಲಿ ಆ ದೃಶ್ಯ ಬಂದ್ರೆ ವ್ಯಾಪಾರದ ಗತಿ? ಹೋಟೆಲ್‌ನವರು ಮಣಿದರು. ಒಪ್ಪಂದ ಆಗಿದ್ದು ಎಲ್ಲಿ ಗೊತ್ತಾ? ಮುಚ್ಚಿಹೋಗಿದ್ದ ಅದೇ ಮೂಲಾ ರೂಜ್‌ನಲ್ಲಿ.

ಗಮನಿಸಿ: ಬಾಗಿಲು ತೆರೆಸಿದ್ದು ಹಾಡಲ್ಲ, ಸಂಘಟನೆ.

👉 ಮುಂದಿನ ಭಾಗ

🎰 ಭಾಗ 5/8: ಗರಿ, ಟೈಟಾನಿಕ್, ಎಲ್ವಿಸ್

ತಾರೆಗಳು ದುಬಾರಿಯಾದಾಗ ಹೋಟೆಲ್‌ನವರು ಇನ್ನೊಂದು ದಾರಿ ಹುಡುಕಿದರು. ಶೋನೇ ತಾರೆ ಆಗಲಿ ಅಂತ. 1958ರಲ್ಲಿ ಸ್ಟಾರ್‌ಡಸ್ಟ್ ಹೋಟೆಲ್ ಪ್ಯಾರಿಸ್ಸಿನಿಂದ ಲಿಡೊ ಶೋ ತರಿಸಿತು, ಮರುವರ್ಷ ಟ್ರಾಪಿಕಾನ ಫೋಲಿ ಬರ್ಜೇರ್ ತಂತು. ತಲೆ ಮೇಲೆ ಗರಿಯ ಗೋಪುರ ಹೊತ್ತು ಮೆಟ್ಟಿಲಿಳಿಯೋ ಶೋಗರ್ಲ್ ವೇಗಸ್‌ನ ಗುರುತಾಗಿದ್ದು ಆಗ. ಅವರನ್ನ ಬರೀ ಮೈ ತೋರಿಸೋರು ಅಂತ ನೋಡೋದು ಸುಲಭ. ಆದ್ರೆ ಆ ತೂಕ ಹೊತ್ತು, ಎತ್ತರದ ಹೀಲ್ಸ್‌ನಲ್ಲಿ, ಕೆಳಗೆ ನೋಡದೆ, ನಗ್ತಾ ಮೆಟ್ಟಿಲಿಳಿಯೋದು ದಿನಕ್ಕೆ ಎರಡು ಸಲ ಮಾಡೋ ಕಠಿಣ ಮೈಕೆಲಸ. 1981ರಲ್ಲಿ ಶುರುವಾದ ಜುಬಿಲಿ ಶೋನಲ್ಲಂತೂ ಪ್ರತಿರಾತ್ರಿ ವೇದಿಕೆ ಮೇಲೆ ಟೈಟಾನಿಕ್ ಹಡಗನ್ನೇ ಮುಳುಗಿಸ್ತಿದ್ರು!

ಎಲ್ವಿಸ್ ಪ್ರೀಸ್ಲಿ ಕಥೆಯೂ ಸ್ವಾರಸ್ಯ. 1956ರಲ್ಲಿ ನ್ಯೂ ಫ್ರಾಂಟಿಯರ್‌ನಲ್ಲಿ ಮೊದಲ ಸಲ ಹಾಡಿದಾಗ ಊಟದ ಮೇಜಿನ ಮಧ್ಯವಯಸ್ಕರು ತಣ್ಣಗೆ ಕೂತಿದ್ದರು. ಅವನ ಅಭಿಮಾನಿಗಳಿಗೆ ಜೂಜಾಡೋ ವಯಸ್ಸೇ ಆಗಿರಲಿಲ್ಲ. ಹದಿಮೂರು ವರ್ಷ ಆದ ಮೇಲೆ, 1969ರ ಜುಲೈ 31ರಂದು, ಕಿರ್ಕ್ ಕರ್ಕೋರಿಯನ್ ಕಟ್ಟಿಸಿದ ಇಂಟರ್‌ನ್ಯಾಷನಲ್ ಹೋಟೆಲಿನ ಸುಮಾರು 2,000 ಸೀಟಿನ ಶೋರೂಮಿಗೆ ವಾಪಸ್ ಬಂದ. ಹಳೇ ಅಭಿಮಾನಿಗಳು ಈಗ ದೊಡ್ಡವರಾಗಿದ್ದರು, ಕೈಯಲ್ಲಿ ದುಡ್ಡಿತ್ತು. 1976ರವರೆಗೆ ಅಲ್ಲಿ 600ಕ್ಕೂ ಹೆಚ್ಚು ಶೋ ಮಾಡಿದ. ಎಲ್ಲ ಹೌಸ್‌ಫುಲ್.

ಹಾಡುಗಾರ ಬದಲಾಗಿದ್ದಕ್ಕಿಂತ ಹೆಚ್ಚು ಬದಲಾಗಿದ್ದು ಪ್ರೇಕ್ಷಕರ ವಯಸ್ಸು, ಪರ್ಸು. ಕ್ಯಾಸಿನೊ ಕಾಯ್ತಿದ್ದಿದ್ದು ಅದಕ್ಕೇ.

👉 ಮುಂದಿನ ಭಾಗ

🎰 ಭಾಗ 6/8: ಪ್ರತಿ ವಿಭಾಗವೂ ಲಾಭ ತೋರಿಸಬೇಕು

1967 ಮತ್ತು 1969ರಲ್ಲಿ ನೆವಾಡ ಕಾನೂನು ಬದಲಾಯ್ತು. ದೊಡ್ಡ ಷೇರು ಕಂಪನಿಗಳು ಕ್ಯಾಸಿನೊ ನಡೆಸೋದು ಸುಲಭವಾಯ್ತು. ಗ್ಯಾಂಗ್‌ಸ್ಟರ್‌ಗಳ ಗುಪ್ತ ಪಾಲು ನಿಧಾನಕ್ಕೆ ಕರಗಿತು, ಲೆಕ್ಕಿಗರು ಬಂದರು. ಅವರ ಪ್ರಶ್ನೆ ಒಂದೇ: "ಈ ಶೋರೂಮ್ ಯಾಕೆ ನಷ್ಟದಲ್ಲಿದೆ?"

1989ರಲ್ಲಿ ಎರಡು ಘಟನೆ ನಡೆದವು. ಒಂದು, ಹೋಟೆಲ್‌ಗಳು ವಾದ್ಯವೃಂದದ ಬದಲು ರೆಕಾರ್ಡ್ ಮಾಡಿದ ಟೇಪ್ ಹಾಕೋಕೆ ಹೊರಟಾಗ ಸಂಗೀತಗಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಗೆದ್ದಿದ್ದು ಟೇಪು. ಒಂದು ಕಾಲದಲ್ಲಿ ಪ್ರತಿ ಶೋರೂಮಿಗೂ ತನ್ನದೇ ವಾದ್ಯವೃಂದ ಇದ್ದ ಊರದು. ಎರಡು, ಆ ನವೆಂಬರ್‌ನಲ್ಲಿ ಸ್ಟೀವ್ ವಿನ್ ಮಿರಾಜ್ ಹೋಟೆಲ್ ತೆರೆದ. ಹೊರಗೆ ಬೆಂಕಿ ಉಗುಳೋ ಕೃತಕ ಜ್ವಾಲಾಮುಖಿ, ಒಳಗೆ ಸೀಗ್‌ಫ್ರೀಡ್ ಮತ್ತು ರಾಯ್ ಅವರ ಹುಲಿಗಳ ಜಾದೂ. ಊಟದ ಮೇಜು ಹೋಯ್ತು, ಥಿಯೇಟರ್ ಸೀಟು ಬಂತು. ಬಕ್ಷೀಸು ಹೋಗಿ ನಂಬರ್ ಇರೋ ಟಿಕೆಟ್ ಬಂತು, ಬೆಲೆಯೂ ಏರಿತು. 2003ರ ಅಕ್ಟೋಬರ್ 3ರಂದು ವೇದಿಕೆ ಮೇಲೇ ಹುಲಿ ರಾಯ್‌ನ ಕತ್ತಿಗೆ ಬಾಯಿ ಹಾಕಿತು. ಅವನು ಬದುಕಿದ, ಶೋ ಉಳಿಯಲಿಲ್ಲ.

1993ರಲ್ಲಿ ಟ್ರೆಷರ್ ಐಲೆಂಡ್‌ನಲ್ಲಿ ಕೆನಡಾದ ಸರ್ಕ್ ದು ಸೊಲೈ ತಂಡ ಮಿಸ್ಟೇರ್ ಶುರುಮಾಡಿತು. 1998ರಲ್ಲಿ ಬೆಲಾಜಿಯೊದಲ್ಲಿ ಓ ಅನ್ನೋ ಶೋ. ಅದರ ವೇದಿಕೆಯೇ ಒಂದು ಕೊಳ, ಸುಮಾರು 57 ಲಕ್ಷ ಲೀಟರ್ ನೀರು! 2003ರಲ್ಲಿ ಸೀಸರ್ಸ್ ಪ್ಯಾಲೇಸ್ 4,000ಕ್ಕೂ ಹೆಚ್ಚು ಸೀಟಿನ ಕೊಲೋಸಿಯಮ್ಮನ್ನ ಸೆಲೀನ್ ಡಿಯೋನ್‌ಗಾಗಿಯೇ ಕಟ್ಟಿತು. ಐದು ವರ್ಷದಲ್ಲಿ 700ಕ್ಕೂ ಹೆಚ್ಚು ಶೋ. ವೇಗಸ್ ಅಂದ್ರೆ ಮುದಿ ಗಾಯಕರ ಕೊನೇ ನಿಲ್ದಾಣ ಅನ್ನೋ ಮಾತು ಆಮೇಲೆ ಉಳಿಯಲಿಲ್ಲ.

ಇದೆಲ್ಲದರ ಫಲ ಏನು? 1990ರ ದಶಕದ ಕೊನೆಯಿಂದ ಸ್ಟ್ರಿಪ್‌ನ ದೊಡ್ಡ ಕ್ಯಾಸಿನೊಗಳ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ರೂಮು, ಊಟ, ಶೋ ಸೇರಿ ಜೂಜನ್ನ ಹಿಂದೆ ಹಾಕಿವೆ. ಎರೆಯೇ ಈಗ ಮಾರಾಟದ ಸರಕು.

👉 ಮುಂದಿನ ಭಾಗ: ನನ್ನ ವಾದ

🎰 ಭಾಗ 7/8: ಅಗ್ಗದ ಟಿಕೆಟ್ಟಿನ ಬಿಲ್ ಕಟ್ಟಿದ್ದು ಯಾರು?

ಹಳಬರು ಹೇಳ್ತಾರೆ: "ಗ್ಯಾಂಗ್‌ಸ್ಟರ್‌ಗಳ ಕಾಲವೇ ವಾಸಿ. ಕಂಪನಿಗಳು ಬಂದು ಬಡವರಿಗೆ ಶೋ ಇಲ್ಲದ ಹಾಗೆ ಮಾಡಿದವು."

ಇದರಲ್ಲಿ ಅರ್ಧ ನಿಜ ಇದೆ, ಅದನ್ನ ಒಪ್ಪಬೇಕು. ಸಾಧಾರಣ ಸಂಬಳದ ಜನ ಕೌಂಟ್ ಬೇಸಿ ವಾದ್ಯವೃಂದವನ್ನ ಅಷ್ಟು ಹತ್ತಿರದಿಂದ ಕೇಳೋ ಅವಕಾಶ ಇವತ್ತು ಅಲ್ಲಿ ಇಲ್ಲ. ಸಂಗೀತಗಾರರ ಕೆಲಸ ಹೋಯ್ತು. ಫೋಲಿ ಬರ್ಜೇರ್ 2009ರಲ್ಲಿ, ಜುಬಿಲಿ 2016ರಲ್ಲಿ ಮುಚ್ಚಿದವು. ಇದೆಲ್ಲ ನಷ್ಟವೇ.

ಆದ್ರೆ ಇನ್ನರ್ಧ? ನೀವು ಅಗ್ಗದ ಊಟ ತಿಂತಾ ಸಿನಾತ್ರನ್ನ ಕೇಳ್ತಿದ್ದಾಗ, ಗೋಡೆಯ ಆಚೆ ಯಾರೋ ಒಬ್ಬ ಮನೆ ಬಾಡಿಗೆ ದುಡ್ಡನ್ನ ಮೇಜಿನ ಮೇಲೆ ಇಡ್ತಿದ್ದ. ನಿಮ್ಮ ಟಿಕೆಟ್ಟಿನ ಬಾಕಿ ಕಟ್ಟಿದ್ದು ಅವನು. ಅವನ ಹೆಂಡತಿ, ಮಕ್ಕಳು. ಆ ಶೋ ಅಗ್ಗ ಆಗಿರಲಿಲ್ಲ, ಬಿಲ್ ಮಾತ್ರ ಬೇರೆ ಮೇಜಿಗೆ ಹೋಗಿತ್ತು. ಕೆಲವು ರಾತ್ರಿ ಶೋ ಮುಗಿಸಿ ಹೊರಬಂದ ನೀವೇ ಆ ಬೇರೆ ಮೇಜಲ್ಲಿ ಕೂತಿರ್ತಿದ್ರಿ.

ಹಾಗಾಗಿ ನನ್ನ ಅಭಿಪ್ರಾಯ ಇದು: ದುಬಾರಿ ಟಿಕೆಟ್ ಬೇಜಾರಿನ ವಿಷಯ, ಆದ್ರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಶೋ ನೋಡ್ತೀರಾ, ಅದರ ಬೆಲೆ ಕೊಡ್ತೀರಾ, ಎದ್ದು ಮನೆಗೆ ಹೋಗಬಹುದು. ನಿಮ್ಮ ಖುಷಿಗೆ ಇನ್ನೊಬ್ಬ ಸೋಲಬೇಕಾಗಿಲ್ಲ. ಹಾಗಂತ ಕಂಪನಿಗಳು ಸಾಚಾ ಅಂತಲ್ಲ. ಇವತ್ತಿಗೂ ಹೆಚ್ಚಿನ ಥಿಯೇಟರ್‌ಗಳಿಂದ ಹೊರಬರೋ ದಾರಿ ಸ್ಲಾಟ್ ಮಷೀನುಗಳ ನಡುವೆಯೇ ಇದೆ.

ಇನ್ನೊಂದು ವಿಷಯ. ಸ್ಯಾಂಡ್ಸ್ ಹೋಟೆಲನ್ನ 1996ರಲ್ಲಿ ಸ್ಫೋಟಿಸಿ ಕೆಡವಿದರು. ಆ ಜಾಗದಲ್ಲಿ ಈಗ ವೆನಿಷಿಯನ್ ಹೋಟೆಲಿದೆ. ಅದರ ಪಕ್ಕದಲ್ಲೇ, ಸೇತುವೆ ದಾಟಿದ್ರೆ, 2023ರ ಸೆಪ್ಟೆಂಬರ್‌ನಲ್ಲಿ ಯು2 ಬ್ಯಾಂಡಿನೊಂದಿಗೆ ತೆರೆದ ಸ್ಫಿಯರ್. ಖರ್ಚು 230 ಕೋಟಿ ಡಾಲರ್, 17 ಸಾವಿರಕ್ಕೂ ಹೆಚ್ಚು ಸೀಟು. ಕೆಲವೇ ನೂರು ಜನ ಕೂರ್ತಿದ್ದ ಕೋಪಾ ರೂಮಿಂದ ಇಲ್ಲಿಗೆ ನಡೆದು ಹೋಗೋ ದೂರ. ಟ್ರಾಪಿಕಾನವನ್ನೂ 2024ರ ಅಕ್ಟೋಬರ್‌ನಲ್ಲಿ ಕೆಡವಿದರು, ಅಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಬರುತ್ತೆ. ಆ ಊರು ತನ್ನ ನೆನಪನ್ನ ತಾನೇ ಕೆಡವಿಕೊಳ್ಳುತ್ತೆ, ಅದನ್ನೂ ಪಟಾಕಿ ಹಚ್ಚಿ ಒಂದು ಶೋ ಮಾಡುತ್ತೆ.

👉 ಕೊನೇ ಭಾಗ, ಇದು ನಮಗೆ

🎰 ಭಾಗ 8/8: ನಿಮ್ಮ ಜೇಬಿನೊಳಗಿನ ಶೋರೂಮ್

"ಸರಿ, ನಮಗೇನು? ನಾವೇನು ವೇಗಸ್‌ಗೆ ಹೋಗ್ತೀವಾ?"

ವೇಗಸ್‌ಗೆ ಹೋಗದೆ ಇರಬಹುದು. ಗೋವಾಕ್ಕೆ ಹೋಗ್ತೀರಲ್ಲ? ಮಾಂಡೋವಿ ನದಿಯಲ್ಲಿ ನಿಂತಿರೋ ಕ್ಯಾಸಿನೊ ಹಡಗುಗಳಲ್ಲಿ ಪ್ರವೇಶದ ದುಡ್ಡಿಗೇ ಬಫೆ, ಹಾಡು, ಡಾನ್ಸು ಎಲ್ಲ ಸೇರಿರುತ್ತೆ. 1941ರ ಎಲ್ ರಾಂಚೊ ಲೆಕ್ಕವೇ, ಮರುಭೂಮಿ ಬದಲು ನೀರು. "ಬರೀ ಶೋ ನೋಡೋಕೆ ಹೋಗಿದ್ವಿ ಕಣೋ" ಅಂತ ಹೇಳೋ ಸೀನಿಯರ್ಸ್ ಪ್ರತಿ ಕಾಲೇಜಲ್ಲೂ ಇದ್ದಾರೆ.

ಗೋವಾಕ್ಕೂ ಹೋಗಲ್ವಾ? ಹಾಗಾದ್ರೆ ನಿಮ್ಮ ಫೋನ್ ತೆಗೀರಿ. ಕ್ರಿಕೆಟ್ ಸೀಸನ್ ಬಂದ್ರೆ ಸಾಕು, ನಮ್ಮ ನೆಚ್ಚಿನ ತಾರೆಗಳು, ಆಟಗಾರರು ನಗ್ತಾ ಬಂದು ದುಡ್ಡಿನ ಆಟದ ಆ್ಯಪ್ ಹಾಕ್ಕೊಳ್ಳಿ ಅಂತಿದ್ದಿದ್ದು ನೆನಪಿದೆ ಅಲ್ವಾ? 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸೋ ಕಾನೂನು ಮಾಡಿತು. ಕಾನೂನು ಬಂತು, ನಿಜ. ಆದ್ರೆ ಆ ತಂತ್ರ ಎಲ್ಲೂ ಹೋಗಿಲ್ಲ. ತಮಾಷೆ ರೀಲು, ಹಾಡು, ಗಿವ್‌ಅವೇ, ಬಯೋದಲ್ಲೊಂದು ಲಿಂಕು. ರೀಲು ಶೋರೂಮು, ಲಿಂಕು ಜೂಜಿನ ಹಾಲಿಗೆ ತೆರೆಯೋ ಬಾಗಿಲು.

ಮನರಂಜನೆ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಗಾಳಕ್ಕೆ ಕಟ್ಟಿದ ಮಾತ್ರಕ್ಕೆ ಸ್ಯಾಮಿ ಡೇವಿಸ್‌ನ ಕುಣಿತ ಸುಳ್ಳಾಗಲ್ಲ. ಕಲೆ ನಿಜವೇ, ಅದನ್ನ ಪ್ರೀತಿಸಿ. ಆದ್ರೆ ಏನಾದ್ರೂ ಪುಕ್ಕಟೆ ಸಿಕ್ಕಾಗ ಈ ಮೂರು ಪ್ರಶ್ನೆ ಕೇಳಿ, ಸೇವ್ ಮಾಡಿಟ್ಕೊಳ್ಳಿ:

1️⃣ ಇದರ ಬಿಲ್ ಯಾರು ಕಟ್ತಿದ್ದಾರೆ? ಅವರು ಕಟ್ಟೋ ಸ್ಥಿತಿಯಲ್ಲಿದ್ದಾರಾ?

2️⃣ ಇದನ್ನ ಮಾಡಿದ ಕಲಾವಿದ ಯಾವ ಬಾಗಿಲಿಂದ ಒಳಗೆ ಬಂದ? ಮುಂದಿನದಾ, ಹಿಂದಿನದಾ?

3️⃣ ಶೋ ಮುಗಿದ ಮೇಲೆ ನನ್ನನ್ನ ಎಲ್ಲಿಗೆ ಬಿಡ್ತಾರೆ? ರಸ್ತೆಗಾ, ಮೇಜಿನ ಮುಂದಕ್ಕಾ?

ಮೂರನೇ ಪ್ರಶ್ನೆಗೆ ಉತ್ತರ ಸಿಗದಿದ್ರೆ, ಚಪ್ಪಾಳೆ ತಟ್ಟೋ ಮೊದಲು ಬಾಗಿಲು ಎಲ್ಲಿದೆ ಅಂತ ಒಂದ್ಸಲ ನೋಡ್ಕೊಳ್ಳಿ.

ನಿಮಗೆ ಏನನ್ಸುತ್ತೆ? ಅಗ್ಗದ ಟಿಕೆಟ್ಟೇ ಸರಿ ಅಂತ ವಾದ ಮಾಡೋರು ಕಾಮೆಂಟ್‌ಗೆ ಬನ್ನಿ, ಜಗಳ ಆಡೋಣ. ಆ್ಯಪಲ್ಲಿ ದುಡ್ಡು ಕಳ್ಕೊಂಡು ಮನೇಲಿ ಹೇಳೋಕೆ ಹೆದರ್ತಿರೋ ಗೆಳೆಯ ನಿಮ್ಮ ಬೆಂಚಲ್ಲೇ ಇರಬಹುದು. ಅವನಿಗೆ ಇದನ್ನ ಕಳಿಸಿ. ಬೈಯೋಕೆ ಅಲ್ಲ, ಪಕ್ಕದಲ್ಲಿ ಕೂರೋಕೆ.

#ಲಾಸ್‌ವೇಗಸ್ #ಶೋರೂಮ್‌ಕಥೆ #ಮೂಲಾರೂಜ್ #ಪುಕ್ಕಟೆಅಲ್ಲ #ಕನ್ನಡಸರಣಿ